ತಾತನ ಕೈಗೆ ಬಂದೂಕು

18 ಜನವರಿ, ಭಾನುವಾರ

ಕ್ಷಮಿಸು ತಾತ, ನೀನು ಹೋಗಿ ಒಂಬತ್ತು ದಿನವಾಯಿತು, ಈಗ ನಿನಗೆ ಬರೆಯುವುದು ಹುಚ್ಚುತನ. ಆದರೆ ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಸಂಜೆ ಅಪ್ಪ ನಿನ್ನ ಶ್ರದ್ಧಾಂಜಲಿ ಫ್ಲೆಕ್ಸ್‌ನ ಸ್ಯಾಂಪಲ್ ವಾಟ್ಸಾಪ್ ಮಾಡಿದ. ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುತ್ತಾರಂತೆ. ನಿನ್ನ ಯೂನಿಫಾರ್ಮ್ ಫೋಟೋದ ಕೈಗೆ ಅಂಗಡಿಯವನು ಬಂದೂಕು ಅಂಟಿಸಿದ್ದಾನೆ. ಕೆಳಗೆ ನಾನು ಇಂಗ್ಲಿಷಿನಲ್ಲಿ ಎರಡು ಲೈನ್ ಬರೆಯಬೇಕು, ನೀನು ಯುದ್ಧದಲ್ಲಿ ಹೋರಾಡಿದ್ದು ಬರಬೇಕು.

ಫೋನ್ ಮಾಡಿ, "ಅಪ್ಪ, ಆ ಬಂದೂಕು ತೆಗಸು," ಅಂದೆ.

"ಬಂದೂಕಿಲ್ದ ಮಿಲ್ಟ್ರಿಯವನ್ನ ಯಾರು ನಂಬ್ತಾರವ್ವ? ಹಾಸ್ಟೆಲ್‌ನಾಗ ಇಟ್ಟು ಇಂಗ್ಲಿಷ್ ಓದ್ಸಿದ್ದು ಯಾಕ ಮತ್ತ? ಬೆಳಿಗ್ಗಿ ಪ್ರಿಂಟಿಗೆ ಹೊಕ್ಕೈತಿ, ಲಗೂನ ಬರಿ."

ನೀನು ಹದಿನೇಳು ವರ್ಷ ಸೈನ್ಯದ ಅಡುಗೆಮನೆಯಲ್ಲೇ ಇದ್ದೆ, ಯುದ್ಧದಲ್ಲಿ ಒಂದು ಗುಂಡೂ ಹಾರಿಸಲಿಲ್ಲ ಅನ್ನುವುದು ನನಗೊಬ್ಬಳಿಗೇ ಗೊತ್ತು. ದಸರಾ ರಜೆಯಲ್ಲಿ ರೊಟ್ಟಿ ಬಡಿಯುತ್ತಾ ನೀನೇ ಹೇಳಿದ್ದೆ. "ನಿಮ್ಮಪ್ಪ ಸಣ್ಣಾಂವಿದ್ದಾಗ, ನಮ್ಮಪ್ಪ ವೈರಿನ ಕೊಂದಾನ ಅಂತ ಸಾಲ್ಯಾಗ ಹೇಳಿ ಬಂದಿದ್ದ. ಹುಡುಗನ ಮಾತು ಸುಳ್ಳಾಗಬಾರದಂತ ಸುಮ್ನಾದೆ. ಈಗ ಅಂವಗ ಐವತ್ತೈದು, ಇನ್ನೂ ಸುಮ್ನ ಅದೀನಿ."

ಮನೆಯವರೆಲ್ಲ ಐವತ್ತು ವರ್ಷ ನಿನ್ನ ಕೈ ರೊಟ್ಟಿ ತಿಂದರು. ಫ್ಲೆಕ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ನಿಜ ಬರೆದರೆ ಅಪ್ಪ ತಡೆದುಕೊಳ್ಳುವುದಿಲ್ಲ, ನೀನು ಅಷ್ಟು ವರ್ಷ ಕಾಪಾಡಿದ್ದೂ ಹೋಗುತ್ತದೆ. ಸುಳ್ಳು ಬರೆದರೆ ಬಸ್‌ಸ್ಟ್ಯಾಂಡಿನಲ್ಲಿ ನೇತಾಡುವವನು ಯಾರೋ, ನೀನಲ್ಲ. ನಾಲ್ಕು ಸಲ ಟೈಪ್ ಮಾಡಿ ಡಿಲೀಟ್ ಮಾಡಿದೆ.

ನಿನ್ನಿಂದ ಉತ್ತರ ಬರುವುದಿಲ್ಲ ಅಂತ ಗೊತ್ತು ತಾತ. ಆದರೂ ಏನು ಬರೆಯಲಿ, ಬೇಗ ತಿಳಿಸು.