ಸುತ್ತು ಎಣಿಸದ ತಂಗಿ

ಅಕ್ಕಾ,

ಫೋನಿನಲ್ಲೇ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ನೀನು "ಊಟ ಆಯ್ತೇನೇ?" ಅಂದೆ, ನಾನು "ಆಯ್ತು" ಅಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ತಂಗಿ ಎಂಜಿನಿಯರಿಂಗ್ ಕಾಲೇಜು ಸೇರಿದ ಮೊದಲ ವಾರದಲ್ಲೇ ಮಾನಗೆಟ್ಟ ಕೆಲಸ ಮಾಡಿದ್ದಾಳೆ. ಅದೂ ನಿನ್ನ ವಿಷಯದಲ್ಲಿ.

ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಪರಿಚಯ ಹೇಳಿ, ಯಾವುದರಲ್ಲಿ ಆಸಕ್ತಿ ಅಂತ ಹೇಳಿ ಅಂದರು. ಒಬ್ಬ ಗಿಟಾರ್ ನುಡಿಸುತ್ತಾನಂತೆ. ಒಬ್ಬಳು ರೋಬಾಟ್ ಮಾಡಿ ಬಹುಮಾನ ಗೆದ್ದಿದ್ದಾಳಂತೆ. ನನ್ನ ಸರದಿ ಹತ್ತಿರ ಬರುತ್ತಿದ್ದಂತೆ ಹೇಳಲು ಏನಾದರೂ ಸಿಗುತ್ತದೆಯೇ ಎಂದು ತಡಕಾಡಿದೆ. ನನಗೇನಿದೆ ಆಸಕ್ತಿ? ನಿನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಹರಟೆ ಹೊಡೆಯುವುದು. ಎದ್ದು ನಿಂತವಳು, "ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋದು ಸರ್, ಹತ್ತನೇ ವಯಸ್ಸಿಂದ ಮಾಡ್ತಿದೀನಿ" ಅಂದೆ.

ಇಡೀ ತರಗತಿ ತಿರುಗಿ ನೋಡಿತು ಕಣಕ್ಕಾ. ಆ ನೋಟದ ರುಚಿ ಹತ್ತಿಬಿಟ್ಟಿತು. ಆಸ್ಪತ್ರೆಯ ನೀರಿನ ಪಂಪು ಕೆಟ್ಟಾಗ ನೀನು ಊಟ ತಿಂಡಿ ಬಿಟ್ಟು ಎರಡು ದಿನ ಕೂತು ಸರಿ ಮಾಡಿದೆಯಲ್ಲ, ಅದನ್ನು ನಾನೇ ಮಾಡಿದೆನೆಂದು, ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ವಾಸನೆಯ ಸಮೇತ ವರ್ಣಿಸಿದೆ. ಯಾರು ಕಲಿಸಿದರು ಅಂತ ಮೇಷ್ಟ್ರು ಕೇಳಿದಾಗಲೂ ನಾಲಗೆ ತಡವರಿಸಲಿಲ್ಲ. "ಯಾರೂ ಇಲ್ಲ ಸರ್, ನಾನೇ ಕಲಿತೆ."

ಉತ್ತರನ ಪೌರುಷ ಒಲೆಯ ಮುಂದೆ ಅಂತ ನೀನು ನನ್ನನ್ನು ರೇಗಿಸುತ್ತಿದ್ದೆ. ಒಲೆಯ ಮುಂದಷ್ಟೇ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗುರುವಾರ ಮೇಷ್ಟ್ರು ಲ್ಯಾಬಿನ ಸುಟ್ಟ ಮೋಟಾರೊಂದನ್ನು ತಂದು ನನ್ನ ಮುಂದಿಟ್ಟು, "ಮಾಡಮ್ಮಾ, ಎಲ್ಲರೂ ನೋಡ್ಲಿ" ಅಂದರು. ನೀನು ಮಾಡುವುದನ್ನು ಸಾವಿರ ಸಲ ನೋಡಿದ್ದೆನಲ್ಲ, ಭಂಡಧೈರ್ಯದಿಂದ ಹಳೆಯ ತಂತಿಯನ್ನೆಲ್ಲ ಕತ್ತರಿಸಿ, ಎಳೆದು, ಒಂದೇ ರಾಶಿ ಹಾಕಿದೆ. ಆಗ ಮೇಷ್ಟ್ರು ಮೆಲ್ಲಗೆ ಕೇಳಿದರು: "ಒಂದೊಂದು ಸುರುಳೀಲಿ ಎಷ್ಟು ಸುತ್ತಿತ್ತು?"

ನಾನು ಎಣಿಸಿರಲಿಲ್ಲ. ಕತ್ತರಿ ಮುಟ್ಟುವ ಮೊದಲು ನೀನು ತುಟಿ ಅಲ್ಲಾಡಿಸುತ್ತ ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದೆ. ಆಗೆಲ್ಲ ನಾನು ನಡುವೆ ಬಾಯಿ ಹಾಕಿ ಲೆಕ್ಕ ತಪ್ಪಿಸುತ್ತಿದ್ದೆ. "ತೆಪ್ಪಗಿರೇ ಬಾಯಿಬಡುಕಿ" ಅಂತ ಗದರಿ ನೀನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಆ ಲೆಕ್ಕವಿಲ್ಲದೆ ಹೊಸ ತಂತಿ ಸುತ್ತಲಾಗದು ಅಂತ ನನಗೆ ಗೊತ್ತಾದದ್ದು ಆವತ್ತೇ.

ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. "ನಮ್ಮಕ್ಕ ಹೀಗೇ ಹೇಳಿಕೊಟ್ಟಿದ್ದು ಸರ್" ಅಂದುಬಿಟ್ಟೆ. ಹೊಗಳಿಕೆಯ ಹೊತ್ತಿನಲ್ಲಿ ಇಲ್ಲದ ಅಕ್ಕ ಬೈಗುಳದ ಹೊತ್ತಿಗೆ ಹುಟ್ಟಿಕೊಂಡಳು. "ಅರ್ಧಂಬರ್ಧ ಕಲ್ತೋರ ಹತ್ರ ಕಲಿತ್ರೆ ಇಷ್ಟೇ" ಅಂದರು ಮೇಷ್ಟ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ. ನಿನ್ನನ್ನು ಆಡಿಕೊಂಡು ನಗುವವರ ಜೊತೆ ನಾನೂ ಹಲ್ಲು ಕಿರಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನಿನ್ನೆ ನೀನು ಫೋನಿನಲ್ಲಿ, "ಅಂಗಡಿಗೆ ಬಂದೋರಿಗೆಲ್ಲ ಮೊದ್ಲು ನಿನ್ನ ವಿಷ್ಯ ಹೇಳ್ತೀನಿ ಕಣೇ, ಆಮೇಲೇ ಮೋಟಾರು ಇಸ್ಕೊಳೋದು" ಅಂದೆ. ಅದಾದ ಮೇಲೆ ನನಗೆ ಊಟ ಸೇರಲಿಲ್ಲ.

ನಾಳೆ ಬೆಳಿಗ್ಗೆ ಈ ಕಾಗದವನ್ನು ಅಂಚೆಡಬ್ಬಿಗೆ ಹಾಕಿಯೇ ತರಗತಿಗೆ ಹೋಗುತ್ತೇನೆ. ನನ್ನ ನಾಲಗೆಯನ್ನು ನಂಬುವಂತಿಲ್ಲ, ಹಿಂದೆ ಸರಿಯುವ ದಾರಿ ಮುಚ್ಚಿರಲಿ. ಮೇಷ್ಟ್ರ ಬಳಿ ಎರಡು ನಿಮಿಷ ಕೇಳಿಕೊಂಡಿದ್ದೇನೆ. ಎಲ್ಲರ ಮುಂದೆ ನಿಂತು ಹೇಳುತ್ತೇನೆ: ಆವತ್ತು ನಾನು ಹೇಳಿದ್ದು ನನ್ನ ಪರಿಚಯ ಅಲ್ಲ, ನಮ್ಮಕ್ಕನದು.

ಬೈಯಬೇಕೆನಿಸಿದರೆ ಬಾಯ್ತುಂಬ ಬೈ. "ಹೋಗ್ಲಿ ಬಿಡು" ಅಂತ ಮಾತ್ರ ಅನ್ನಬೇಡ, ಅದನ್ನು ತಡೆದುಕೊಳ್ಳಲಾರೆ. ತಂತಿ ಸುತ್ತುವ ನಿನ್ನ ಕೈ ತಣ್ಣಗಿರಲಿ.

ನಿನ್ನೆದುರು ತಲೆ ಎತ್ತಲಾರದ,
ತಂಗಿ