ಬಾರ್ಕೂರಿಗೆ ಹೋಗಿ ಬಂದೆ, ಸುಗುಣಾ

ಕುಂದಾಪುರ
ಡಿಸೆಂಬರ್ ೧೯೪೮

ಸುಗುಣಾ,

ನೀನು ತೀರಿಹೋಗಿ ಏಳು ತಿಂಗಳಾಯಿತು. ಓದುವವರಿಲ್ಲವೆಂದು ಗೊತ್ತಿದ್ದೂ, ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಬರೆಯಲಿ?

ಇವತ್ತು ಬೆಳಿಗ್ಗೆ ಎರಡು ಮೋಟಾರ್ ಸೈಕಲ್ಲುಗಳಲ್ಲಿ ಬಾರ್ಕೂರಿನ ಹಾಳು ಕೋಟೆ ನೋಡಲು ಹೋದೆವು. ಒಂದರಲ್ಲಿ ನನ್ನ ತಮ್ಮ ಸೀನ, ಅವನ ಹಿಂದೆ ಅವನ ಹೆಂಡತಿ ಸುಗಂಧಿ. ಇನ್ನೊಂದರಲ್ಲಿ ನಾನೊಬ್ಬನೇ. ಸಾಲಿಗ್ರಾಮದ ಪೇಟೆಯಲ್ಲಿ ಜನ ನಿಂತು ನೋಡಿದರು. ನಾನು ತಲೆ ತಗ್ಗಿಸಿದೆ; ಸುಗಂಧಿ ತಗ್ಗಿಸಲಿಲ್ಲ.

ಕೋಟೆಯಲ್ಲಿ ಉಳಿದಿರುವುದು ಕಂದಕ, ಪಾಚಿ ಹಿಡಿದ ಕೆಂಪುಕಲ್ಲು, ಅಷ್ಟೆ. ಅವರಿಬ್ಬರೂ ಮುರುಕು ಗೋಡೆಯ ಮೇಲೆ ಕುಳಿತು ಅವಲಕ್ಕಿ ತಿಂದರು. ನನ್ನ ಪಾಲನ್ನು ಪೊಟ್ಟಣದಲ್ಲೇ ಕಟ್ಟಿಟ್ಟೆ. ಹೊರಡುವಾಗ ಹುಲ್ಲು ಹೊತ್ತು ಬಂದ ಮುದುಕಿಯೊಬ್ಬಳು ಸುಗಂಧಿಯನ್ನು ಕಂಡು ನಕ್ಕಳು: “ಹೆಣ್ಣೇ, ಗಂಡನ್ನ್ ಗಟ್ಟಿ ಹಿಡ್ಕೋ, ಬೀಳ್ತೆ ಕಾಣ್!”

ದಿನವಿಡೀ ಜನ ಹೇಳಿದ್ದು ಅದೊಂದೇ ಮಾತು, ಬೇರೇನಿಲ್ಲ.

ಹೋದ ವರ್ಷ ನೀನು ಕೇಳಿದ್ದೆ: “ಬಾರ್ಕೂರ್ ಕೋಟೆಗೆ ನನ್ನೂ ಒಂದ್ ಸಲ ಕರ್ಕಂಡ್ ಹೋತ್ರ್ಯಾ?”

“ಹೆಂಗ್ಸನ್ನ್ ಹಿಂದೆ ಕೂರ್ಸ್ಕಂಡ್ ಹೋರೆ ಕಂಡವ್ರ್ ಎಂತ ಹೇಳ್ತ್ರ್?” ಎಂದಿದ್ದೆ ನಾನು. ನೀನು ಮತ್ತೆ ಕೇಳಲಿಲ್ಲ.

ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೂ ಮರಳಿ ಬರುವಾಗ ಹೊಂಡ ಕಂಡಲ್ಲೆಲ್ಲ ನಿಧಾನ ಮಾಡಿದೆ.