ಹೊಸ ವಿಂಡೋಸಿನಲ್ಲಿ ಕಂಡದ್ದು

ಮಾಣಿ,
18-4-2004, ಭಾನುವಾರ

ಪ್ರೀತಿಯ ಶಬ್ನಾಳ ಉಪ್ಪನಿಗೆ ಅಸ್ಸಲಾಮು ಅಲೈಕುಂ.

ಅಲ್ಲಾಹನ ದಯೆಯಿಂದ ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಆರೋಗ್ಯ ಹೇಗುಂಟು? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀರಾ, ರಾತ್ರಿ ನಿದ್ದೆ ಬರುತ್ತದಾ? ‘ಎಲ್ಲ ಒಳ್ಳೆದುಂಟು’ ಎಂಬ ಉತ್ತರ ಮಾತ್ರ ಬೇಡ, ಅದು ನನಗೆ ಬಾಯಿಪಾಠವಾಗಿ ಹೋಗಿದೆ. ಮಾಮಿಯ ಮಂಡಿನೋವು ಇದ್ದ ಹಾಗೆಯೇ ಉಂಟು. ಕಣ್ಣಿನ ಪೊರೆಯನ್ನು ಮಳೆಗಾಲ ಕಳೆದ ಮೇಲೆ ತೆಗೆಸುವ ಎನ್ನುತ್ತಾರೆ. ನಿಮ್ಮ ಮಗಳು ಶಬ್ನಾ ಪಾಸಾದಳು, ಇನ್ನು ಒಂಬತ್ತನೆಯ ಕ್ಲಾಸು. ರಜೆಯೆಂದು ಮನೆಯಲ್ಲೇ ಕುಳಿತು ನನ್ನ ತಲೆ ತಿನ್ನುತ್ತಿದ್ದಾಳೆ. ಇಲೆಕ್ಷನ್ ಜೀಪುಗಳ ಗಲಾಟೆಯಲ್ಲಿ ಮಸೀದಿಯಲ್ಲಿ ಬಾಂಗು ಕೊಟ್ಟದ್ದೂ ಕೇಳುವುದಿಲ್ಲ.

ಬಕ್ರೀದ್ ಕಳೆದ ಮೇಲೆ ನಿಮ್ಮ ಕೈಬರಹದ ಒಂದು ಕಾಗದವೂ ಬಂದಿಲ್ಲ. ಮೊದಲು ನಾಲ್ಕು ಪುಟ ತುಂಬಿಸಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಬರೆಯುತ್ತಿದ್ದವರು ನೀವು. ಈಗ ಇಮೇಲಿನಲ್ಲಿ ಎರಡು ಸಾಲು, ಅದೂ ಇಂಗ್ಲಿಷಿನಲ್ಲಿ. ಕೇಳಿದರೆ, ‘ಪ್ರಮೋಷನ್ ಆಗಿದೆ, ಈಗ ಗರಗಸದ ಮೆಷಿನ್ ಹತ್ತಿರ ಹೋಗ್ಲಿಕ್ಕಿಲ್ಲ, ಸ್ಟೋರಿನಲ್ಲಿ ಕೂತ್ಕೊಳ್ಳುವ ಕೆಲಸ, ಪುರುಸೊತ್ತಿಲ್ಲ’ ಎನ್ನುತ್ತೀರಿ. ಆ ಸುದ್ದಿ ಕೇಳಿದ ದಿನ ಮಾಮಿ ಪಾಯಸ ಮಾಡಿ ಸುತ್ತಮುತ್ತಲಿನ ಮನೆಗಳಿಗೆಲ್ಲ ಹಂಚಿದ್ದಾರೆ. ನಾನು ಮಾತ್ರ ನನ್ನ ಪಾಲನ್ನು ಶಬ್ನಾಳಿಗೆ ಕೊಟ್ಟೆ. ಕೂತು ಮಾಡುವ ಕೆಲಸ ಸಿಕ್ಕಿದವನಿಗೆ ಕಾಗದ ಬರೆಯಲು ಪುರುಸೊತ್ತು ಹೆಚ್ಚಬೇಕಲ್ಲವಾ, ಕಡಿಮೆ ಆಗುವುದು ಹೇಗೆ? ಅದಕ್ಕೇ ನಿಮ್ಮ ಮುಖ ನೋಡಲೇಬೇಕೆಂದು ಹಟ ಹಿಡಿದು ಬಿ.ಸಿ. ರೋಡಿನಿಂದ ಕಂಪ್ಯೂಟರಿನ ಕ್ಯಾಮರಾ ತರಿಸಿದ್ದು. ನೀವು ಒಮ್ಮೆ ‘ಲೈನ್ ಸ್ಲೋ’ ಎಂದಿರಿ, ಇನ್ನೊಮ್ಮೆ ‘ವೈರಸ್ ಬರ್ತದೆ’ ಎಂದಿರಿ. ನಮ್ಮ ಹಳೆಯ ವಿಂಡೋಸ್ ತೊಂಬತ್ತೆಂಟಕ್ಕೆ ಆ ಕ್ಯಾಮರಾ ಹಿಡಿಸುವುದಿಲ್ಲ, ಹೊಸ ಎಕ್ಸ್‌ಪಿ ಹಾಕಿಸಬೇಕೆಂದಾಗ, ‘ಇದ್ದದ್ದು ಇದ್ದ ಹಾಗೆ ಇರಲಿ ಮಾರಾಯ್ತಿ, ಅದನ್ನು ಮುಟ್ಟಬೇಡ’ ಎಂದು ಫೋನಿನಲ್ಲಿ ಜೋರು ಮಾಡಿದಿರಿ. ನೀವು ಬೇಡ ಬೇಡ ಎಂದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು. ಹೆಣ್ಣಿನ ತಲೆಯಲ್ಲಿ ಏನೆಲ್ಲ ಬರುತ್ತದೆಂದು ನಿಮಗೆ ಗೊತ್ತಿಲ್ಲದ್ದಲ್ಲ. ‘ನನ್ನ ಮಗ ಅಂಥವನಲ್ಲ, ನಿನಗೆ ಮರುಳಾ?’ ಎಂದು ಮಾಮಿ ಬೈದರು. ಬೈದವರೇ ಮತ್ತೆ ಫೋನಿನಲ್ಲಿ, ‘ಮೋನೇ, ಕಣ್ಣು ಪೂರಾ ಮಂಜಾಗುವ ಮೊದಲು ನಿನ್ನ ಮುಖ ಒಮ್ಮೆ ತೋರಿಸು’ ಎಂದು ಅತ್ತರು. ಆಗ ನೀವು ಒಪ್ಪಿದಿರಿ. ನನಗಲ್ಲ, ಅವರಿಗೆ.

ವಿಂಡೋಸ್ ಹಾಕಲು ಕಂಪ್ಯೂಟರ್ ಅಂಗಡಿಯ ಶೋಧನ್ ಗುರುವಾರ ಮಧ್ಯಾಹ್ನ ಬಂದ. ಸಿದ್ಧಕಟ್ಟೆಯವನು, ಪಾಪದ ಹುಡುಗ, ಮಾಮಿಯನ್ನು ಉಮ್ಮ ಎಂದೇ ಕರೆಯುತ್ತಾನೆ. ಹಳೆಯದರ ಮೇಲೆಯೇ ಹೊಸತನ್ನು ಹಾಕುವ, ನಿಮ್ಮ ಫೋಟೋಗಳೆಲ್ಲ ಅಲ್ಲಿಯೇ ಇರುತ್ತವೆ ಎಂದ. ಸಿ.ಡಿ. ಹಾಕಿದ ಮೇಲೆ ಪರದೆ ನೀಲಿಯಾಯಿತು, ಒಳಗೆ ಏನೋ ಗರಗರ ಸದ್ದು. ನಡುವೆ ಕಂಪ್ಯೂಟರ್ ಯಜಮಾನರ ಹೆಸರು ಕೇಳಿತಂತೆ. ‘ಅಕ್ಕ, ಅಣ್ಣನ ಹೆಸರೆಂತ?’ ಎಂದು ಅವನು ಕೇಳಿದರೆ ನಾನು ಹೇಗೆ ಹೇಳಲಿ? ಮದುವೆಯಾದಂದಿನಿಂದ ಈ ಬಾಯಿಯಲ್ಲಿ ಆ ಹೆಸರು ಬಂದದ್ದುಂಟಾ? ಕೊನೆಗೆ ಮಾಮಿ ಅಡುಗೆಮನೆಯಿಂದಲೇ ‘ಇರ್ಷಾದ್!’ ಎಂದು ಕೂಗಿದರು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಈಗ ಕಂಪ್ಯೂಟರ್ ತೆರೆದಾಗಲೆಲ್ಲ ನಿಮ್ಮ ಹೆಸರು ಬರುತ್ತದೆ, ಪಕ್ಕದಲ್ಲಿ ಒಂದು ಹಳದಿ ಬಾತುಕೋಳಿಯ ಚಿತ್ರ.

ನಗಬೇಡಿ, ನಗು ಅಲ್ಲಿಗೇ ಮುಗಿಯಿತು. ಇನ್ನು ಇಷ್ಟು ಹೊತ್ತು ಉಂಟು ಎಂದು ತೋರಿಸುತ್ತಿದ್ದ ಅಂಕಿ ಒಂದೇ ಕಡೆ ನಿಂತುಬಿಟ್ಟಿತು. ಕೆಟ್ಟುಹೋಗಿದೆಯೋ ಕೆಲಸ ಮಾಡುತ್ತಿದೆಯೋ ಗೊತ್ತಿಲ್ಲ. ‘ಕಾಯುವ, ಇದನ್ನು ನಡುವಿನಲ್ಲಿ ಬಂದ್ ಮಾಡ್ಲಿಕ್ಕಿಲ್ಲ’ ಎಂದು ಶೋಧನ್ ಹೇಳುತ್ತಿದ್ದಂತೆ ವಿಟ್ಲದ ದಿಕ್ಕಿನಲ್ಲಿ ಕಪ್ಪು ಕಟ್ಟಿತು, ಸೆಕೆ ಉಸಿರುಗಟ್ಟಿಸುವ ಹಾಗಾಯಿತು. ಮೊದಲ ಗುಡುಗು ಬಂದರೆ ನಿಮ್ಮ ಉಮ್ಮ ಏನು ಮಾಡುತ್ತಾರೆಂದು ನಿಮಗೆ ಬರೆದು ತಿಳಿಸಬೇಕೇ? ಟಿ.ವಿ.ಯ ಪ್ಲಗ್ಗು, ಫ್ರಿಡ್ಜಿನ ಪ್ಲಗ್ಗು, ಟೆಲಿಫೋನಿನ ವೈರು, ಒಂದೊಂದಾಗಿ ಎಳೆಯುತ್ತ ಮಂಡಿನೋವು ಮರೆತು ಓಡಿ ಬಂದರು. ನಾವು ‘ಮಾಮೀ, ಬೇಡ’ ಎನ್ನುವಷ್ಟರಲ್ಲಿ ಕಂಪ್ಯೂಟರಿನದ್ದೂ ಎಳೆದಾಗಿತ್ತು. ಶೋಧನ್ ತಲೆ ಮೇಲೆ ಕೈ ಹೊತ್ತು ಕುಳಿತ. ಇವರು ಅವನಿಗೇ, ‘ಸಿಡಿಲು ನಿನ್ನ ಹತ್ರ ಕೇಳಿ ಬರ್ತದಾ ಮಗಾ? ಪಕ್ಕದ ಮನೆಯ ಟಿ.ವಿ. ಸುಟ್ಟದ್ದು ಗೊತ್ತಿಲ್ವಾ?’ ಎಂದರು. ಮಳೆ ನಿಂತ ಮೇಲೆ ಹಚ್ಚಿ ನೋಡಿದರೆ ಕಪ್ಪು ಪರದೆಯಲ್ಲಿ ಬಿಳಿಯ ಎರಡು ಸಾಲು, ಬೇರೇನೂ ಇಲ್ಲ. ಅವನು ಶುಕ್ರವಾರ ಬೆಳಿಗ್ಗೆ ಪುನಃ ಬಂದು ಎಲ್ಲ ಅಳಿಸಿ, ಮೊದಲಿನಿಂದ ಹಾಕಬೇಕಾಯಿತು. ಹೊಸ ವಿಂಡೋಸ್ ಬಂತು, ನಿಮ್ಮ ಫೋಟೋಗಳು ಹೋದವು. ಕಳೆದ ಸಲ ರಜೆಯಲ್ಲಿ ಬಂದಾಗ ತೆಗೆದದ್ದು ಒಂದೂ ಉಳಿಯಲಿಲ್ಲ. ‘ಫೋಟೋ ಹೋದ್ರೆ ಹೋಗ್ಲಿ, ಆಳು ಇದ್ದಾನಲ್ಲ’ ಎಂದು ಮಾಮಿ ಸಮಾಧಾನ ಹೇಳಿದರು. ಆ ಮಾತು ಕೇಳಿ ನಾನು ಎದ್ದು ಒಳಗೆ ಹೋದೆ. ಯಾಕೆಂದು ಕೇಳಬೇಡಿ.

ಅದೇ ಸಂಜೆ ಶೋಧನ್ ಕ್ಯಾಮರಾ ಹಚ್ಚಿಕೊಟ್ಟ, ಪರದೆಯಲ್ಲಿ ನೀವು ಬಂದಿರಿ. ಬೆಂಕಿಪೆಟ್ಟಿಗೆಯಷ್ಟೇ ದೊಡ್ಡ ಚಿತ್ರ, ಅದೂ ಬಿಟ್ಟು ಬಿಟ್ಟು, ಸ್ವರ ಕೇಳುವುದಿಲ್ಲ. ಆದರೂ ಯಾ ಅಲ್ಲಾ, ಎರಡೂವರೆ ವರ್ಷದ ಮೇಲೆ ನಿಮ್ಮ ಮುಖ! ಎಷ್ಟು ಸೊರಗಿದ್ದೀರಿ! ಗಡ್ಡದಲ್ಲಿ ಬಿಳಿ ಬಂದಿದೆ. ಶಬ್ನಾ ಕುಣಿದೇ ಕುಣಿದಳು. ಅವಳು ಹತ್ತು ಸಾಲು ಟೈಪ್ ಮಾಡಿದರೆ ನಿಮ್ಮಿಂದ ಒಂದು ಶಬ್ದ ಬರುವುದಕ್ಕೂ ಕಾಯಬೇಕಿತ್ತು. ನೀವು ಯಾಕೆ ಹಾಗೆ ಓರೆಯಾಗಿ ಕುಳಿತದ್ದು? ಆ ಮರುಭೂಮಿಯ ಉರಿಯಲ್ಲಿ ಹೆಗಲ ಮೇಲಿನಿಂದ ಮಡಿಲಿನವರೆಗೆ ಆ ಶಾಲು ಯಾಕೆ? ಪಕ್ಕದಿಂದ ಯಾರೋ ಚಾದ ಗ್ಲಾಸು ಇಟ್ಟರು, ನೀವು ಎತ್ತಿ ಕುಡಿದಿರಿ. ನೋಡಿ, ಪೊರೆ ಬಂದ ಕಣ್ಣಿಗೂ ಅದು ಕಂಡಿತು. ‘ಎಡಗೈಯಲ್ಲಿ ಕುಡಿಯುದಾ ಮೋನೇ? ಮದ್ರಸದಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯ್ತು?’ ಎಂದು ಮಾಮಿ ಪರದೆಗೇ ಬೈದರು. ಶೋಧನ್ ನಗುತ್ತ, ‘ಅಲ್ಲ ಉಮ್ಮ, ಅದು ಬಲಗೈಯೇ. ಕ್ಯಾಮರಾದಲ್ಲಿ ಕನ್ನಡಿಯ ಹಾಗೆ ಎಡ ಬಲ ತಿರುಗಿ ಕಾಣ್ತದೆ’ ಎಂದು ವಿವರಿಸಿದ. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ನಮ್ಮ ಚಿತ್ರವನ್ನೇ ತೋರಿಸಿದ. ನಾನು ಬಲಗೈ ಎತ್ತಿ ನೋಡಿದೆ; ಹೌದು, ಆ ಚಿತ್ರದಲ್ಲಿ ಕನ್ನಡಿಯಲ್ಲಿ ಕಂಡ ಹಾಗೆಯೇ ಇತ್ತು. ಮಾಮಿಗೆ ಅಷ್ಟು ಸಾಕಾಯಿತು. ಕೊನೆಗೆ ನೀವು ಸಲಾಂ ಹೇಳಲು ಕೈ ಎತ್ತಿದಾಗ ಅವರೂ ನಗುತ್ತ ಕೈ ಎತ್ತಿದರು. ಆಮೇಲೆ ಲೈನು ಕಟ್ಟಾಯಿತು. ಶುಕ್ರವಾರದಿಂದ ಅವರಿಗೆ ಒಳ್ಳೆಯ ನಿದ್ದೆ. ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಶಬ್ನಾ ಅವರಿಗೆ ಓದಿ ಹೇಳಿದಳು. ‘ಮೋನನಿಗೆ ಮೈಗೆ ಎಣ್ಣೆ ಹಚ್ಚಿ ಮೀಯ್ಲಿಕ್ಕೆ ಹೇಳು, ಒಣಗಿದ್ದಾನೆ’ ಎಂದು ಸೇರಿಸಲು ಹೇಳಿದ್ದಾರೆ, ಸೇರಿಸಿದ್ದೇನೆ.

ಮಾಮಿಯ ದುವಾ ನಿಮಗೆ ಯಾವಾಗಲೂ ಉಂಟು. ಶಬ್ನಾಳ ಸಲಾಂ ಮತ್ತು ಒಂದು ಮುತ್ತು. ರೂಮಿನವರಿಗೆಲ್ಲ ನಮ್ಮ ಸಲಾಂ ತಿಳಿಸಿ. ಅಲ್ಲಾಹು ನಿಮ್ಮನ್ನು ಕಾಯಲಿ.

ನಿಮ್ಮ
ಶಹನಾಝ್

ತಾ.ಕ.: ಮಾಮಿ ಅಸರ್ ನಮಾಝಿಗೆ ನಿಂತಿದ್ದಾರೆ, ಶಬ್ನಾ ಅಂಗಡಿಗೆ ಹೋಗಿದ್ದಾಳೆ. ಕವರ್ ಅಂಟಿಸುವ ಮೊದಲು ಇದು ನಿಮಗೆ ಮಾತ್ರ. ಫೋನಿನಲ್ಲಿ ಮಾಮಿ ಪಕ್ಕದಲ್ಲೇ ಕೂರುತ್ತಾರೆ, ಇಮೇಲ್ ಶಬ್ನಾಳ ಕೈಯಲ್ಲಿ, ಅದಕ್ಕೆ ಕಾಗದ. ನಿಮ್ಮ ಬೆನ್ನ ಹಿಂದೆ ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಅಲ್ಲಾಹ್’ ಎಂದು ಬರೆದ ಫ್ರೇಮು ಇತ್ತು. ಶೋಧನ್‌ಗೆ ಅರಬಿ ಬರುವುದಿಲ್ಲ, ಮಾಮಿಯ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಮಗಳು ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ನಾನು ಓದಿದೆ. ಮೊದಲ ಅಕ್ಷರ ಅಲಿಫ್ ಬಲತುದಿಯಲ್ಲೇ ಇತ್ತು, ಅರಬಿ ಶುರುವಾಗುವ ಕಡೆಯಲ್ಲೇ. ಕನ್ನಡಿಯ ಹಾಗೆ ತಿರುಗಿದ್ದು ಮೂಲೆಯ ನಮ್ಮ ಚಿತ್ರ ಮಾತ್ರ, ನಿಮ್ಮದು ತಿರುಗಿರಲಿಲ್ಲ. ನೀವು ಚಾ ಕುಡಿದದ್ದು ಎಡಗೈಯಲ್ಲಿ, ನಿಮ್ಮ ಉಮ್ಮನಿಗೆ ಸಲಾಂ ಹೇಳಿದ್ದೂ ಎಡಗೈಯಲ್ಲಿ. ನಾನು ಯಾರಿಗೂ ಹೇಳಿಲ್ಲ. ಎರಡು ರಾತ್ರಿಯಿಂದ ಮುಸುಕು ಹೊದ್ದು ಅಳುತ್ತಿದ್ದೇನೆ, ಇನ್ನು ಅಳುವುದಿಲ್ಲ. ಕಾಗದ ಸಿಕ್ಕಿತೆಂದು ಮಾತ್ರ ಇಮೇಲಿನಲ್ಲಿ ಒಂದು ಸಾಲು ಹಾಕಿ, ಅದರ ನಂತರದ ಶುಕ್ರವಾರ ಇಬ್ಬರನ್ನೂ ನಿಮ್ಮ ತಂಗಿಯ ಮನೆಗೆ ಕಳಿಸುತ್ತೇನೆ, ಕಂಪ್ಯೂಟರ್ ಎದುರು ನಾನೊಬ್ಬಳೇ ಇರುತ್ತೇನೆ. ಆ ಶಾಲು ತೆಗೆಯಿರಿ. ನಿಮ್ಮ ಬಲಗೈಯನ್ನು ಎತ್ತಿ, ಎಷ್ಟು ಉಳಿದಿದೆಯೋ ಅಷ್ಟನ್ನು ನನಗೆ ತೋರಿಸಿ.